ಏಡಿಯ ಜೊತೆಗಾರ್ತಿ

“ನಮ್ಮ ಸೊಸಿ ಸಮುದ್ರದ ತಳದಾಗ ಅಡ್ಡಾಡತಾಳ” ಎಂದು ಗುರವ್ವ ಹೇಳಿದಾಗಲೆಲ್ಲ ಓಣಿಯ ಹೆಂಗಸರು ನಗುತ್ತಿದ್ದರು. ಗದಗೆಲ್ಲಿ, ಸಮುದ್ರವೆಲ್ಲಿ! ಸೊಸೆ ದಾಕ್ಷಾಯಣಿ ಬೆಳಗ್ಗೆ ಬುತ್ತಿ ಹಿಡಿದು ಸ್ಕೂಟರ್ ಹತ್ತಿ ಹೋಗುವವಳು, ಸಂಜೆ ದೀಪ ಹಚ್ಚುವ ಹೊತ್ತಿಗೆ ಅದೇ ಸ್ಕೂಟರಿನಲ್ಲಿ ಬರುವವಳು. ಅವಳ ಸೀರೆಯ ಅಂಚು ಒದ್ದೆಯಾದದ್ದನ್ನು ಯಾರೂ ಕಂಡಿರಲಿಲ್ಲ.

ಆದರೆ ಗುರವ್ವನ ಮಾತು ಸುಳ್ಳಾಗಿರಲಿಲ್ಲ. ಕಪ್ಪತಗುಡ್ಡದ ಆಚೆ, ಗಾಳಿಯಂತ್ರಗಳ ಸಾಲು ಮುಗಿಯುವಲ್ಲಿ, ಸಾಗರತಳ ಸಂಶೋಧನಾ ಕೇಂದ್ರದ ಬಿಳಿ ಕಟ್ಟಡವಿತ್ತು. ಮೋಡ ಕಡಿಮೆ, ಉಪಗ್ರಹದ ಸಂಕೇತ ಹಿಡಿಯಲು ಅನುಕೂಲ ಎಂದು ಸಮುದ್ರದ ಕೇಂದ್ರವನ್ನು ತಂದು ಬಯಲುಸೀಮೆಯಲ್ಲಿ ಕಟ್ಟಿದ್ದರು. ಹಿಂದೂ ಮಹಾಸಾಗರದ ನಟ್ಟನಡುವೆ ಒಂದು ತೇಲುಗೋಪುರ. ಅದರಿಂದ ಇಳಿಬಿದ್ದ ಕೂದಲೆಳೆಯಷ್ಟು ಸಣ್ಣ ತಂತಿ. ಮೂರು ಕಿಲೋಮೀಟರ್ ಆಳದಲ್ಲಿ, ಆ ತಂತಿಯ ತುದಿಗೆ, ಆರು ಕಾಲಿನ ಒಂದು ಯಂತ್ರ. ಕಾಗದಪತ್ರಗಳಲ್ಲಿ ಅದಕ್ಕೆ ಮಾರುದ್ದದ ಹೆಸರಿತ್ತು. ಕೇಂದ್ರದವರೆಲ್ಲ ಅದನ್ನು ಏಡಿ ಎಂದೇ ಕರೆಯುತ್ತಿದ್ದರು.

ಮೊದಮೊದಲು ಏಡಿ ತನ್ನ ಲೆಕ್ಕದ ಮೇಲೆ ತಾನೇ ನಡೆಯಲಿ ಎಂದು ಎಂಜಿನಿಯರುಗಳು ಬಿಟ್ಟು ನೋಡಿದ್ದರು. ಸಮುದ್ರದ ತಳದ ಕೆಸರು ನೋಡಲು ನೆಲದಂತೆಯೇ ಇರುತ್ತದೆ, ಕಾಲಿಟ್ಟರೆ ನುಂಗುತ್ತದೆ. ಏಡಿ ಲೆಕ್ಕ ಮುಗಿಸುವಷ್ಟರಲ್ಲಿ ಬಿದ್ದಿರುತ್ತಿತ್ತು. ಮನುಷ್ಯನ ಮೈ ಹಾಗಲ್ಲ. ಮೆಟ್ಟಿಲು ತಪ್ಪಿದರೆ ಯೋಚಿಸುವ ಮೊದಲೇ ಸೊಂಟ ವಾಲಿ, ಕೈ ಚಾಚಿ, ಸಾವರಿಸಿಕೊಂಡಿರುತ್ತದೆ. ಆ ಯೋಚಿಸದ ಬುದ್ಧಿಯನ್ನೇ ಯಂತ್ರಕ್ಕೆ ಕೊಟ್ಟರಾಯಿತು ಎಂದು ಹೊಳೆದ ಮೇಲೆ ಕೊರಳಪಟ್ಟಿ ಹುಟ್ಟಿತು. ಕುರ್ಚಿಯಲ್ಲಿ ಕುಳಿತವರು ಅದನ್ನು ಕೊರಳಿಗೆ ಕಟ್ಟಿಕೊಂಡರೆ, ಅವರ ಮೈ ಸಮತೂಕ ಹಿಡಿಯಲು ನರಗಳಿಗೆ ಕೊಡುವ ಸೂಚನೆಗಳು ಏಡಿಯ ಕಾಲುಗಳಿಗೆ ಹೋಗುತ್ತಿದ್ದವು. ಏಡಿಯ ಪಾದಕ್ಕೆ ತಾಗಿದ್ದು ಅವರ ಮೈಗೆ ಬರುತ್ತಿತ್ತು. ಏಡಿಯೊಳಗಿನ ಗಣಕದ ಚಿಪ್ ಕೂಡ ನರದಂತೆಯೇ ಬೆಳೆಸಿದ್ದು. ಅದು ತಿಂಗಳುಗಟ್ಟಲೆ ಒಬ್ಬರ ಮೈಯ ವಾಡಿಕೆಯನ್ನು ಕಲಿಯುತ್ತಿತ್ತು. ಕಲಿತ ಮೇಲೆ ಅವರನ್ನು ಬಿಟ್ಟು ಇನ್ನೊಬ್ಬರನ್ನು ಅರಿಯದು. ದಿನವೂ ಬಳಸದಿದ್ದರೆ, ಮಲಗಿಬಿಟ್ಟ ರೋಗಿಯ ತೊಡೆಯಂತೆ, ಆ ಕಲಿಕೆ ಬತ್ತುತ್ತಿತ್ತು. ಆರು ವಾರ ಬಿಟ್ಟರೆ ಪೂರ್ತಿ ಹೋದಂತೆ.

ಹಾಗೆ ಕೂರುವವರಿಗೆ ಕೇಂದ್ರದ ನಿಯಮಗಳಲ್ಲಿ ‘ಜೊತೆಗಾರ’ ಎಂಬ ಹೆಸರಿತ್ತು. ಆ ನಿಯಮ ಬರೆದವರಿಗೆ ಜೊತೆಗಾರ್ತಿಯ ನೆನಪಾಗಿರಲಿಲ್ಲ. ದಾಕ್ಷಾಯಣಿ ಏಳು ವರ್ಷದಿಂದ ಏಡಿಯ ಜೊತೆಗಾರ್ತಿ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ, ಕಡಿದಾದ ಇಳಿಜಾರಿನ ಅಂಚಿನಲ್ಲಿ ಏಡಿಯನ್ನು ನಡೆಸುತ್ತಿದ್ದ ದಾಕ್ಷಾಯಣಿ ಅದನ್ನು ತಟ್ಟನೆ ನಿಲ್ಲಿಸಿದಳು. ಪಕ್ಕದ ಕುರ್ಚಿಯಲ್ಲಿ ಅಳತೆಗಳನ್ನು ನೋಡುತ್ತಿದ್ದ ರೇಶ್ಮಾ ನದಾಫ್ ತಲೆ ಎತ್ತಿದಳು. ಮೂರು ವರ್ಷದಿಂದ ದಾಕ್ಷಾಯಣಿಯ ಕೈಕೆಳಗೆ ಕಲಿಯುತ್ತಿದ್ದ ಹುಡುಗಿ.

“ಏನಾತ್ರಿ ಮ್ಯಾಡಂ?”

“ಎಡಗಾಲಿಗೆ ಬೆಚ್ಚಗ ತಾಗತೈತಿ.”

ರೇಶ್ಮಾ ಪರದೆ ನೋಡಿದಳು. “ಉಷ್ಣಮಾಪಕದಾಗ ಏನೂ ಇಲ್ರಿ.”

“ಇರಲಿ. ನೋಡಕೋತ ಇರು.”

ಏಡಿ ಎಡಕ್ಕೆ ಸರಿಯಿತು. ಸ್ವಲ್ಪ ಹೊತ್ತಿನಲ್ಲಿ ರೇಶ್ಮಾ ಕುರ್ಚಿಯಿಂದ ಎದ್ದೇಬಿಟ್ಟಳು. “ಬಂತ್ರಿ! ಮ್ಯಾಡಂ, ಬಂತು!”

ನಿರ್ದೇಶಕ ಪದಕಿಯವರು ಓಡುತ್ತ ಬಂದರು. ಕತ್ತಲ ತಳದಲ್ಲಿ ಎಲ್ಲೋ ನೆಲ ಬಿರುಕು ಬಿಟ್ಟು ಬಿಸಿನೀರು ಚಿಮ್ಮುತ್ತಿದೆ ಎಂಬುದಕ್ಕೆ ಅದು ಗುರುತು. ಅಂಥ ಬಾಯಿಗಳ ಸುತ್ತ ಸೂರ್ಯನನ್ನೇ ಕಾಣದ ಜೀವಿಗಳು ಗುಂಪುಗುಂಪಾಗಿ ಬದುಕುತ್ತವೆ. ಒಂದೊಂದು ಬಾಯಿಯದೂ ಬೇರೆಯೇ ಲೋಕ. ಆ ದಿಬ್ಬದ ಸಾಲಿನಲ್ಲಿ ಅಂಥದೊಂದು ಇದೆಯೆಂದು ಯಾರೂ ಅಂದುಕೊಂಡಿರಲಿಲ್ಲ.

“ಎಷ್ಟು ದೂರ ಅದ ಅನಸ್ತದ?” ಪದಕಿ ಕೇಳಿದರು.

“ಇಳಿಜಾರ ದಾಟಿ ಆಚಿ ದಿಬ್ಬಾ ಏರಬೇಕ್ರಿ ಸರ್. ಏಡಿ ನಡಗಿ ನಿಮಗ ಗೊತ್ತs ಐತಿ. ಮಳಿಗಾಲ ಹಿಡಿಯೂದ್ರಾಗ ಮುಟ್ಟತೀವಿ.”

ಆ ಸಂಜೆ ಮನೆಗೆ ಬಂದಾಗಲೂ ದಾಕ್ಷಾಯಣಿಯ ಎಡಪಾದದಲ್ಲಿ ಆ ಬೆಚ್ಚಗಿನ ನೆನಪು ಉಳಿದಿತ್ತು. ಅತ್ತೆಗೆ ಹೇಳಿದಳು. ಗುರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು.

“ಅಲ್ಲಾ, ಕೆಳಗ ಬೆಂಕಿ ಐತಿ, ಮ್ಯಾಲ ಅಷ್ಟು ನೀರೈತಿ, ಆರಂಗಿಲ್ಲೇನದು?”

“ಆರತೈತ್ರಿ, ಒಂದಿಲ್ಲೊಂದಿನ. ಅದಕ್ಕs ಲಗೂನ ಹೋಗಬೇಕು.”

“ಹಂಗಾರ ಹೋಗು. ಮನೀದೇನು ತಲಿ ಕೆಡಿಸ್ಕೋಬ್ಯಾಡ.”

ಗುರವ್ವ ಬಾಯಿಮಾತಿಗೆ ಹೇಳುವವಳಲ್ಲ. ಐದು ವರ್ಷದ ಹಿಂದೆ ಮಗಳು ಮುಕ್ತಾ ಹುಟ್ಟಿದಾಗ ದಾಕ್ಷಾಯಣಿ ಆರು ವಾರ ತುಂಬುವ ಮುಂಚೆಯೇ ಕೊರಳಪಟ್ಟಿ ಕಟ್ಟಿಕೊಳ್ಳಬೇಕಾಗಿತ್ತು. ಆಗ ಗುರವ್ವ ಕೂಸನ್ನೆತ್ತಿಕೊಂಡು ದಿನಾಲೂ ಅವಳ ಜೊತೆಗೇ ಕೇಂದ್ರಕ್ಕೆ ಹೋದಳು. ಗೇಟಿನ ಕಾವಲುಗಾರನ ಖೋಲಿಯಲ್ಲಿ ಸೀರೆಯ ತೊಟ್ಟಿಲು ಕಟ್ಟಿಕೊಂಡು ಕುಳಿತಳು. ಏಡಿಯನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ ದಾಕ್ಷಾಯಣಿ ಓಡಿಬಂದು ಹಾಲು ಕುಡಿಸಿ ಓಡಿಹೋಗುತ್ತಿದ್ದಳು. ನೆಂಟರು ಆಡಿಕೊಂಡರು. “ನಾನೂ ಏಳನೇತ್ತೆ ಪಾಸಾದಾಕಿ, ಕನ್ನಡ ಸಾಲಿ ಮಾಸ್ತರ್ಕಿ ಬಂದಿತ್ತು. ನಮ್ಮ ಮಾವ ಬ್ಯಾಡಂದ್ರು, ಬಿಟ್ಟೆ,” ಎಂದು ಗುರವ್ವ ಒಮ್ಮೆ ಅವರಿಗೆ ಹೇಳಿದಳು.

ದಾಕ್ಷಾಯಣಿಯ ಏಳು ವರ್ಷ ನಿಂತದ್ದು ಗುರವ್ವನ ಮೇಲೆ. ಅದು ಅವಳಿಗೆ ಗೊತ್ತಿತ್ತು. ಆದರೆ ದಿನವೂ ಕಾಲಕೆಳಗಿರುವ ನೆಲದ ಬಗ್ಗೆ ಯಾರು ಯೋಚಿಸುತ್ತಾರೆ?

ಶಿವರಾತ್ರಿಯ ಮರುದಿನ ಬೆಳಗ್ಗೆ, ಒಲೆಯ ಮುಂದೆ, ಗುರವ್ವನಿಗೆ ಲಕ್ವಾ ಹೊಡೆಯಿತು. ಹೆಂಚಿನ ಮೇಲೆ ರೊಟ್ಟಿ ಸೀದ ವಾಸನೆಗೆ ದಾಕ್ಷಾಯಣಿ ಓಡಿಬಂದಾಗ ಅವಳು ಗೋಡೆಗೆ ಒರಗಿದ್ದಳು. ಬಲಗೈ ಜೋತುಬಿದ್ದಿತ್ತು. ಏನೋ ಹೇಳಲು ಬಾಯಿ ಸೊಟ್ಟಗೆ ಅಲುಗುತ್ತಿತ್ತು.

ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಮುಖ್ಯ ಪ್ರಶ್ನೆ ಎದ್ದಿತು. ಮಗ್ಗುಲು ಬದಲಿಸಬೇಕು, ಗಂಜಿ ಕುಡಿಸಬೇಕು, ಮೈ ಒರೆಸಬೇಕು, ಸೀರೆ ಬದಲಿಸಬೇಕು. ಯಾರು ಮಾಡಬೇಕು? ಪುಣೆಯಲ್ಲಿದ್ದ ನಾದಿನಿ ನಾಲ್ಕು ದಿನ ಬಂದು ಅತ್ತು ಹೋದಳು. ಒಬ್ಬ ಆಯಾ ಸಿಕ್ಕಳು. ಅವಳ ಕೈ ತಾಗಿದರೆ ಗುರವ್ವ ಹಲ್ಲು ಕಚ್ಚಿ ಬಾಯಿ ಬಿಗಿಯುತ್ತಿದ್ದಳು, ನೀರೂ ಇಳಿಸುತ್ತಿರಲಿಲ್ಲ. ವಾರದೊಳಗೆ ಆಯಾ ತಾನೇ ಬಿಟ್ಟಳು.

ದಾಕ್ಷಾಯಣಿಯ ಗಂಡ ಪ್ರಭುಲಿಂಗ ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಒಳ್ಳೆಯ ಮನುಷ್ಯ. ಹೆಂಡತಿಯ ಕೆಲಸದ ಬಗ್ಗೆ ರೈಲಿನಲ್ಲಿ ಜೊತೆಯವರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

“ನೀವು ಒಂದೆರಡು ತಿಂಗಳು ರಜಾ ಹಾಕ್ರಿ,” ದಾಕ್ಷಾಯಣಿ ಹೇಳಿದಳು. “ಏಡಿ ದಿಬ್ಬಾ ಮುಟ್ಟಿಬಿಡಲಿ. ಆಮ್ಯಾಲ ನಾ ಹಾಕತೀನಿ.”

ಪ್ರಭುಲಿಂಗ ಅವ್ವನ ಮಂಚದ ಕಡೆ ನೋಡಿದ. “ರಜಾದ ಪ್ರಶ್ನೆ ಅಲ್ಲ ದಾಕ್ಷೂ. ನಾ ಮನ್ಯಾಗ ಕುಂತ್ರೂ ಅವ್ವನ ಸೀರಿ ನಾ ಬದಲಿ ಮಾಡ್ಲೇನು? ಅಕಿ ಮೈ ನಾ ತೊಳೀಲೇನು? ಅಕಿಗಿ ಹ್ಯಾಂಗ ಅನಸಬ್ಯಾಡ? ಅದು ನಿನ್ನಿಂದs ಆಗೂ ಕೆಲಸ.”

“ಕಲತ್ರ ಬರತೈತಿ. ಹುಟ್ಟಿದಾಗ ನನಗೂ ಬರತಿರಲಿಲ್ಲ.”

“ನಿನ್ನ ಜಗಳಕ್ಕ ನಾ ಸಿಗಂಗಿಲ್ಲ,” ಎಂದು ಅವನು ಎದ್ದುಹೋದ. ಸ್ವಲ್ಪ ಹೊತ್ತಿನ ಮೇಲೆ ಅವನೇ ಚಹಾ ಮಾಡಿ ತಂದುಕೊಟ್ಟ. ಅವಳಿಗೆ ಜಗಳವಾಡಲೂ ಆಗದಂತಾಯಿತು.

ಕೇಂದ್ರದಲ್ಲಿ ಪದಕಿ ಸಮಾಧಾನದಿಂದ ಕೇಳಿದರು. “ಮನಿ ಮೊದಲು ನೋಡ್ರಿ ಮೇಡಂ. ಆದರ ಆರು ವಾರದ್ದು ನನ್ನ ಕೈಯಾಗಿಲ್ಲ, ನಿಮಗ ಗೊತ್ತದ. ಯಂತ್ರಕ್ಕ ನಮ್ಮ ಕಷ್ಟ ತಿಳಿಯೂದಿಲ್ಲ.” ಒಂದು ಉಪಾಯವನ್ನೂ ಅವರೇ ಹುಡುಕಿದರು. ಮನೆಯಿಂದಲೇ ನಡೆಸುವ ಹೊಸ ಕೊರಳಪಟ್ಟಿ ಬಂದಿತ್ತು, ಯಾರೂ ಬಳಸಿರಲಿಲ್ಲ. ದಿನಕ್ಕೆ ಮೂರು ತಾಸು ನಡೆಸಿದರೂ ಜೋಡಿ ಉಳಿಯುತ್ತದೆ.

ಪಡಸಾಲೆಯಲ್ಲಿ ಗುರವ್ವನ ಮಂಚ. ಪಕ್ಕದ ಖೋಲಿಯಲ್ಲಿ ಕುರ್ಚಿ, ಪರದೆ, ಪಟ್ಟಿ. ಮುಕ್ತಾ ಶಾಲೆಗೆ ಹೋದ ಮೇಲೆ ಅತ್ತೆಗೆ ಗಂಜಿ ಕುಡಿಸಿ, ಮಗ್ಗುಲು ಹೊರಳಿಸಿ, ದಾಕ್ಷಾಯಣಿ ಬಾಗಿಲನ್ನು ಅರ್ಧ ತೆರೆದಿಟ್ಟು ಕೂರುತ್ತಿದ್ದಳು. ಕೇಂದ್ರದ ಆ ತಣ್ಣನೆಯ, ನಿಶ್ಶಬ್ದವಾದ ಕೋಣೆಯಲ್ಲಿ ಅವಳ ಮೈಯೆಲ್ಲ ಏಡಿಗೆ ಹೋಗಿಬಿಡುತ್ತಿತ್ತು. ಇಲ್ಲಿ ಕಿವಿ ಹೋಗುತ್ತಿರಲಿಲ್ಲ. ಕಿವಿ ಪಡಸಾಲೆಯಲ್ಲೇ ಉಳಿದಿರುತ್ತಿತ್ತು. ಉಸಿರು ಸರಿಯಾಗಿದೆಯೇ, ಕೆಮ್ಮಿದಳೇ, ಮಂಚ ಕಿರುಗುಟ್ಟಿತೇ? ಏಡಿಯ ನಡಿಗೆಯಲ್ಲಿ ಒಂದು ಸಣ್ಣ ತಡವರಿಕೆ ಬಂದಿದೆ ಎಂದು ಕೇಂದ್ರದಿಂದ ರೇಶ್ಮಾ ಹೇಳಿದಳು. “ನಿಮಗ ಸುಸ್ತಾಗೇತಿ ಮ್ಯಾಡಂ. ಇವತ್ತ ಸಾಕ್ ಮಾಡ್ರಿ.” ಆದರೆ ಇಳಿಜಾರು ಮುಗಿಯುತ್ತ ಬಂದಿತ್ತು. ಎಡಗಾಲಿನ ಬಿಸುಪು ದಿನದಿಂದ ದಿನಕ್ಕೆ ಹೆಚ್ಚುತ್ತಿತ್ತು.

ಒಂದು ಮಧ್ಯಾಹ್ನ ಏಡಿ ಸಣ್ಣ ಕಮರಿಯೊಂದರ ಅಂಚು ಹಿಡಿದು ನಡೆಯುತ್ತಿದ್ದಾಗ ಪಡಸಾಲೆಯಲ್ಲಿ ಏನೋ ದೊಪ್ಪನೆ ಬಿದ್ದಿತು. ಗುರವ್ವ ಕೂಗಿದಳು. ಮಾತಲ್ಲ, ಬರೀ ಕೂಗು.

ದಾಕ್ಷಾಯಣಿಯ ಮೈ ತಿರುಗಿತು. ಅವಳು ತಿರುಗಬೇಕೆಂದು ತಿರುಗಲಿಲ್ಲ. ತಿರುಗಿದ ಮೇಲೆ ಗೊತ್ತಾಯಿತು. ಮೂರು ಕಿಲೋಮೀಟರ್ ಆಳದಲ್ಲಿ ಏಡಿಯೂ ಗುರವ್ವನ ಮಂಚದ ಕಡೆಗೆ ತಿರುಗಿತು. ಅಲ್ಲಿ ನೆಲವಿರಲಿಲ್ಲ.

ಬೀಳುವಿಕೆ ಅವಳ ಹೊಟ್ಟೆಯೊಳಗಿಂದ ಹಾದುಹೋಯಿತು. ಎರಡು ಕಾಲು ಮುರಿದದ್ದು ತೊಡೆಯಲ್ಲಿ ಚಳಕ್ಕೆಂದಿತು. ಪಟ್ಟಿ ಕಿತ್ತೆಸೆದು ಓಡಿದಳು. ನೀರಿನ ತಂಬಿಗೆಗೆ ಎಡಗೈ ಚಾಚಿ ಗುರವ್ವ ಮಂಚದಿಂದ ಉರುಳಿದ್ದಳು. ಹಣೆ ಒಡೆದಿತ್ತು. ದಾಕ್ಷಾಯಣಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ರಕ್ತ ಒತ್ತಿಹಿಡಿದು ಕುಳಿತಳು. ಒಳಗೆ ಪರದೆಯಲ್ಲಿ ಕೆಸರು ಮೇಲೆದ್ದು ಎಲ್ಲವೂ ಬೂದಿಬಣ್ಣವಾಗಿತ್ತು. “ಮ್ಯಾಡಂ? ಮ್ಯಾಡಂ, ಅದೀರೇನ್ರಿ?” ಎಂದು ರೇಶ್ಮಾಳ ದನಿ ಕರೆಯುತ್ತಲೇ ಇತ್ತು.

ಮರುದಿನ ಪ್ರಭುಲಿಂಗನನ್ನು ಮನೆಯಲ್ಲಿ ಬಿಟ್ಟು ದಾಕ್ಷಾಯಣಿ ಕೇಂದ್ರಕ್ಕೆ ಹೋದಳು. ಇಡೀ ದಿನ ಕುಳಿತು, ಉಳಿದ ನಾಲ್ಕು ಕಾಲಿನ ಮೇಲೆ ಏಡಿಯನ್ನು ಎಬ್ಬಿಸಿ ನಿಲ್ಲಿಸಿ, ಕಮರಿಯಿಂದ ಮೇಲೆ ತಂದಳು. ಬೇರೆ ಯಾರಿಂದಲೂ ಆಗುತ್ತಿರಲಿಲ್ಲ ಎಂದು ಎಲ್ಲರೂ ಹೇಳಿದರು. ಆಮೇಲೆ ಪದಕಿ ತಮ್ಮ ಕೋಣೆಗೆ ಕರೆದರು.

“ನಿಮ್ಮ ತಪ್ಪು ಅಂತ ನಾ ಅನ್ನೂದಿಲ್ಲ. ಆದರ ಹಿಂಗ ಮುಂದುವರಸ್ಲಿಕ್ಕೆ ಬರೂದಿಲ್ಲ. ನಿಮಗೂ ಅದು ಗೊತ್ತದ.”

ಗೊತ್ತಿತ್ತು. ಅವಳು ತಲೆಯಾಡಿಸಿದಳು.

“ಹೊಸಬರನ್ನ ಜೋಡಿ ಮಾಡಬೇಕು. ಇಬ್ಬರಿದ್ದಾರ, ರೇಶ್ಮಾ, ಶ್ರೀಶೈಲ ಮಠಪತಿ. ಯಾರನ್ನ ಮಾಡ್ಲಿ?”

“ರೇಶ್ಮಾ,” ದಾಕ್ಷಾಯಣಿ ತಡಮಾಡದೆ ಹೇಳಿದಳು. “ಅಕಿ ಮೈಯಾಗ ಆ ಗುಣ ಐತ್ರಿ ಸರ್.”

“ಪರೀಕ್ಷಾದಾಗೂ ಹಂಗ ಬಂದದ. ಅಕಿಗಿ ನಾಕು ತಿಂಗಳು ಸಾಕು, ಅಂವಗ ವರ್ಷ ಮ್ಯಾಲ ಬೇಕು.” ಪದಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಆದರ ಅಕಿ ಲಗ್ನ ಗೊತ್ತಾಗೇದಂತ. ಹುಡುಗ ಬೆಳಗಾವಿಯಾಂವ. ಮುಂದ ಕೂಸು, ಅತ್ತಿಮನಿ. ಇನ್ನ ಹತ್ತು ವರ್ಷ ಅಕಿ ಈ ಕುರ್ಚಿಯಾಗ ಕೂಡತಾಳ ಅಂತ ನೀವು ಹೇಳಬಲ್ಲಿರೇನು? ಬ್ಯಾರೆ ಯಾರನ್ನೂ ಕೇಳೂದಿಲ್ಲ ನಾ. ನಿಮಗಿಂತ ಚಲೋ ಯಾರಿಗೆ ಗೊತ್ತದ?”

ದಾಕ್ಷಾಯಣಿಯ ತೊಡೆಯಲ್ಲಿ ಮುರಿದ ಕಾಲುಗಳ ನೋವು ಇನ್ನೂ ಇತ್ತು. ಕಮರಿಯಲ್ಲಿ ಮಗ್ಗುಲಾಗಿ ಬಿದ್ದು, ಅವಳ ಸೂಚನೆಗಾಗಿ ಕಾಯುತ್ತ ಒಂದೊಂದೇ ಕಾಲು ಅಲ್ಲಾಡಿಸುತ್ತಿದ್ದ ಏಡಿ ಕಣ್ಣ ಮುಂದಿತ್ತು. ಹಿಂದಿನ ರಾತ್ರಿ ಅವಳು ನಿದ್ದೆ ಮಾಡಿರಲಿಲ್ಲ. ರೇಶ್ಮಾ ಇನ್ನೊಂದು ಮನೆಯಲ್ಲಿ ಇನ್ನೊಂದು ಮಂಚದ ಕಡೆಗೆ ತಿರುಗುವುದನ್ನು ಅವಳು ಕಂಡಳು.

“ಹೇಳಾಕ ಬರೂದಿಲ್ರಿ ಸರ್,” ಎಂದಳು. “ಏಡಿ ಇನ್ನೊಮ್ಮೆ ಹಿಂಗ ಬೀಳಬಾರದು.”

ಪದಕಿ ಕನ್ನಡಕ ಹಾಕಿಕೊಂಡರು. ಅಷ್ಟೇ ಸಾಕಾಗಿತ್ತು.

ಮೂರನೆಯ ದಿನ ಮಧ್ಯಾಹ್ನ ರೇಶ್ಮಾ ಮನೆಗೆ ಬಂದಳು. ದಾಕ್ಷಾಯಣಿ ಆಗ ಅತ್ತೆಯ ಮಗ್ಗುಲು ಬದಲಿಸುತ್ತಿದ್ದಳು. ರೇಶ್ಮಾ ಚೀಲ ಕೆಳಗಿಟ್ಟು, ಕೈ ತೊಳೆದು ಬಂದು, ಗುರವ್ವನ ಹೆಗಲಿಗೊಂದು ಸೊಂಟಕ್ಕೊಂದು ಕೈ ಕೊಟ್ಟು ಹಗುರಾಗಿ ಹೊರಳಿಸಿದಳು. ಗುರವ್ವ ಹಲ್ಲು ಕಚ್ಚಲಿಲ್ಲ. ಆಮೇಲೆ ಇಬ್ಬರೂ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತರು.

“ಶ್ರೀಶೈಲನ ಹೆಸರು ಬಂತ್ರಿ ಮ್ಯಾಡಂ.”

“ಕೇಳೀನಿ.”

“ನನ್ನ ಬಗ್ಗೆ ನಿಮ್ಮನ್ನ ಕೇಳಿದ್ರಂತ. ಹೇಳಾಕ ಬರೂದಿಲ್ಲ ಅಂದ್ರಂತ. ಹೌದೇನ್ರಿ?”

ದಾಕ್ಷಾಯಣಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಹೌದು.”

ರೇಶ್ಮಾ ಅಳಲಿಲ್ಲ, ದನಿಯನ್ನೂ ಎತ್ತರಿಸಲಿಲ್ಲ. “ಶ್ರೀಶೈಲಂದೂ ಲಗ್ನ ಆಗೂದೈತ್ರಿ. ಅವಂಗೂ ಮಕ್ಕಳಾಗತಾವ. ಅವನ ಅವ್ವಗೂ ವಯಸ್ಸಾಗೇತಿ. ಅವನ ಬಗ್ಗೆ ಯಾರೂ ಕೇಳಲಿಲ್ಲಲ್ರಿ, ಹತ್ತು ವರ್ಷ ಕೂಡತಾನೇನು ಅಂತ. ನೀವರ ಅದನ್ನ ಕೇಳತೀರಿ ಅನ್ಕೊಂಡಿದ್ದೆ.”

ಪದಕಿಯವರ ಕೋಣೆಯಲ್ಲಿ ಕುಳಿತಿದ್ದಾಗ ಆ ಪ್ರಶ್ನೆ ದಾಕ್ಷಾಯಣಿಗೆ ಹೊಳೆದೇ ಇರಲಿಲ್ಲ. ಏಳು ವರ್ಷ ಸಮುದ್ರದ ತಳ ತುಳಿದವಳಿಗೆ ಹೊಳೆದಿರಲಿಲ್ಲ.

“ನನ್ನ ಲಗ್ನ ಆಗಾಂವ, ಇಮ್ತಿಯಾಜ್, ಬೆಳಗಾವಿ ಬಿಟ್ಟು ಗದಗಿಗೇ ಬರ್ತೀನಿ ಅಂದಿದ್ದ. ಇಲ್ಲಿಗೇ ವರ್ಗಾ ಕೇಳಿದ್ದ. ಅದನ್ನೂ ಯಾರೂ ನನ್ನ ಕೇಳಲಿಲ್ಲ.” ರೇಶ್ಮಾ ಎದ್ದಳು. “ಅಜ್ಜಿಗಿ ಬೆನ್ನಿಗೆ ಪುಡಿ ಹಾಕ್ರಿ, ಕೆಂಪಾಗೇತಿ. ಹುಣ್ಣಾದ್ರ ತ್ರಾಸ.”

“ರೇಶ್ಮಾ, ನಾ ನಾಳೆ ಹೋಗಿ ಹೇಳತೀನಿ. ತಪ್ಪಾತು ಅಂತ ಹೇಳತೀನಿ.”

“ಹೇಳ್ರಿ,” ಎಂದಳು ರೇಶ್ಮಾ, ಚಪ್ಪಲಿ ಮೆಟ್ಟುತ್ತ.

ಹೇಳಿದಳು. ಪದಕಿಯವರು ಬೇಸರಿಸಿಕೊಳ್ಳದೆ ಕೇಳಿದರು. ಏಡಿ ಬಿದ್ದ ತುರ್ತಿನಲ್ಲಿ ಕಾಗದ ಮೇಲಿನವರಿಗೆ ಹೋಗಿತ್ತು, ಮಂಜೂರಾಗಿ ಬಂದೂ ಇತ್ತು. “ನಿಮ್ಮ ಮಾತಿನ ಮ್ಯಾಲೇ ನಾ ಬರದದ್ದು. ಈಗ ಅದನ್ನ ಬದಲಿ ಮಾಡ್ಲಿಕ್ಕೆ ಹೋದ್ರ ಮತ್ತ ಸಭೆ, ಮತ್ತ ಮಂಜೂರಿ. ಅಷ್ಟರಾಗ ಆರು ವಾರ ದಾಟ್ತಾವ. ಅಲ್ಲಿ ತನಕಾ ಏಡಿ ಯಾರ ಆಸರಕ್ಕ ನಿಲ್ಲಬೇಕು, ನೀವೇ ಹೇಳ್ರಿ.”

“ಅಲ್ಲೀತನಕಾ ನಾ ನಿಲ್ಲಿಸ್ತೀನ್ರಿ.”

“ಹ್ಯಾಂಗ ನಿಲ್ಲಸ್ತೀರಿ ಮೇಡಂ?” ಎಂದರು ಪದಕಿ. ಆ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾದ ಮರುಕವಿತ್ತು.

ಹಸ್ತಾಂತರಕ್ಕೆ ಹಳಬರೂ ಹೊಸಬರೂ ಜೊತೆಯಲ್ಲಿ ಕೂರಬೇಕು. ಹಳಬರು ಮೈ ಸಡಿಲಬಿಟ್ಟು ಸುಮ್ಮನಿರಬೇಕು, ಹೊಸಬರು ಅಲುಗಬೇಕು. ಒಂದೊಂದು ದಿನ ಒಂದೊಂದು ಕಾಲು ಹಳಬರಿಂದ ಬಿಡಿಸಿಕೊಂಡು ಹೊಸಬರಿಗೆ ಹೋಗುತ್ತದೆ. ಆ ದಿನಗಳಿಗೆಂದು, ಅವಳು ಕೇಳದೆಯೇ, ಪ್ರಭುಲಿಂಗ ರಜೆ ಹಾಕಿದ. ನೆರೆಮನೆಯ ಹೆಂಗಸಿನಿಂದ ಕಲಿತು ಅವ್ವನ ಮೈಯನ್ನೂ ಒರೆಸಿದ. ಸಂಜೆ ದಾಕ್ಷಾಯಣಿ ಬಂದಾಗ ಗುರವ್ವ ಮಡಿ ಸೀರೆಯಲ್ಲಿ ಮಲಗಿದ್ದಳು. “ಆತು ನೋಡು, ಹ್ಯಾಂಗೋ,” ಎಂದ ಅವನು, ತುಸು ಹೆಮ್ಮೆಯಿಂದ. ದಾಕ್ಷಾಯಣಿ ಅವನ ಮುಖ ನೋಡಿದಳು. ಇದನ್ನೇ ಆಗ ಮಾಡಿದ್ದರೆ ಎನಿಸಿತು. ಈಗ ಹೇಳಿ ಏನು ಮಾಡುವುದು ಎಂದು ಕೈಕಾಲು ತೊಳೆಯಲು ಹೋದಳು.

ಶ್ರೀಶೈಲ ವಿನಯವಂತ ಹುಡುಗ. ಪಟ್ಟಿ ಕಟ್ಟಿಕೊಳ್ಳುವ ಮುಂಚೆ ಪ್ರತಿದಿನ ಅವಳಿಗೆ ನಮಸ್ಕಾರ ಹೇಳುತ್ತಿದ್ದ. ಅವನ ಸೂಚನೆಗೆ ಏಡಿ ಮೊದಮೊದಲು ಹೆದರಿದ ದನದಂತೆ ಕಾಲು ಊರಿ ನಿಂತುಬಿಡುತ್ತಿತ್ತು. ಆಗ ದಾಕ್ಷಾಯಣಿ ತನ್ನ ಮೈಯನ್ನು ಇನ್ನಷ್ಟು ಸಡಿಲಬಿಡಬೇಕಾಗಿತ್ತು. ಹೋಗು, ಅವನೊಂದಿಗೆ ಹೋಗು ಎಂದು ಒಳಗೊಳಗೇ ಹೇಳಬೇಕಾಗಿತ್ತು. ಎಡಗಡೆಯ ಹಿಂಗಾಲು ಕೊನೆಗೆ ಉಳಿಯಿತು. ಅದೂ ಹೋದ ಮೇಲೆ ಅವಳು ಕುರ್ಚಿಯಲ್ಲೇ ಮೆಲ್ಲಗೆ ಪಾದ ಎತ್ತಿ ನೋಡಿದಳು. ಪರದೆಯ ಮೇಲೆ ಯಾವ ಕಾಲೂ ಅಲುಗಲಿಲ್ಲ. ಕಾಲಡಿಗೆ ಕೋಣೆಯ ನೆಲಹಾಸು ಮಾತ್ರ ತಾಗುತ್ತಿತ್ತು, ತಣ್ಣಗೆ, ಸಪಾಟಾಗಿ.

ಕಾರು ಹುಣ್ಣಿಮೆ ಹೋಯಿತು, ಮಳೆಗಾಲ ಹೋಯಿತು. ಶ್ರೀಶೈಲ ಕಷ್ಟಪಟ್ಟು ಕಲಿಯುತ್ತಿದ್ದ. ಮುರಿದ ಕಾಲುಗಳಿಗೆ ಬದಲಿ ಕಾಲು ಇಳಿಸಿದರು. ರೇಶ್ಮಾ ದೀಪಾವಳಿಯ ಹೊತ್ತಿಗೆ ಕೇಂದ್ರ ಬಿಟ್ಟಳು. ಗದಗಿಗೆ ವರ್ಗ ಮಾಡಿಸಿಕೊಳ್ಳುವ ಕಾರಣ ಇಮ್ತಿಯಾಜನಿಗೆ ಉಳಿದಿರಲಿಲ್ಲ. ಮದುವೆಯಾಗಿ ಬೆಳಗಾವಿಗೆ ಹೋಗಿ, ಅಲ್ಲೊಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಲು ಸೇರಿದಳೆಂದು ದಾಕ್ಷಾಯಣಿಗೆ ಯಾರಿಂದಲೋ ತಿಳಿಯಿತು. ದಾಕ್ಷಾಯಣಿಗೆ ಕೇಂದ್ರದವರು ಕಚೇರಿಯ ಕೆಲಸವೊಂದನ್ನು ಕೊಡಲು ಒಪ್ಪಿದ್ದರು, ಮನೆಯ ಪರಿಸ್ಥಿತಿ ತಿಳಿಯಾದ ಮೇಲೆ ಬನ್ನಿ ಎಂದು.

ಏಡಿ ದಿಬ್ಬವನ್ನು ಮುಟ್ಟಿದ್ದು ಮರುವರ್ಷದ ಶ್ರಾವಣದಲ್ಲಿ. ಶ್ರೀಶೈಲ ತಾನೇ ಫೋನು ಮಾಡಿದ.

“ಮ್ಯಾಡಂ, ನೀವು ಹೇಳಿದ ಜಾಗಾದಾಗs ಇತ್ರಿ. ಬಾಯಿ ಇಷ್ಟಗಲ ಐತಿ. ಸುತ್ತ ಕಲ್ಲಿನ ಗೂಡು ಗೂಡು.”

ದಾಕ್ಷಾಯಣಿ ಫೋನನ್ನು ಕಿವಿಗೆ ಒತ್ತಿಕೊಂಡಳು. “ಬಿಸಿ?”

“ಆರೇತ್ರಿ. ಹೋದ ಚಳಿಗಾಲದ ತನಕಾ ಇದ್ದಿರಬೇಕು ಅಂತಾರ. ಬರೀ ಚಿಪ್ಪದಾವ, ಬೆಳ್ಳಗ, ರಾಶಿ ರಾಶಿ. ಜೀವಂತ ಒಂದೂ ಸಿಗಲಿಲ್ಲ. ಎಂಥಾವು ಇದ್ದವೋ ಏನೋ.”

ಹೋದ ಚಳಿಗಾಲ. ರೇಶ್ಮಾಗೆ ನಾಲ್ಕು ತಿಂಗಳು ಸಾಕಾಗಿತ್ತು. ಮಳೆಗಾಲ ಮುಗಿಯುವುದರೊಳಗೆ ಅವಳು ಏಡಿಯನ್ನು ಅಲ್ಲಿ ನಿಲ್ಲಿಸಿರುತ್ತಿದ್ದಳು. ಆ ಜೀವಿಗಳನ್ನು ಈ ಭೂಮಿಯ ಮೇಲಿನ ಒಬ್ಬರಾದರೂ ಕಂಡಿರುತ್ತಿದ್ದರು.

“ಚಲೋ ನಡಸೀಯಪ್ಪಾ,” ಎಂದಳು ದಾಕ್ಷಾಯಣಿ. “ಆ ಕಡೆ ಇಳಿಜಾರು ಸುಲಭ ಅಲ್ಲ.” ಫೋನು ಕೆಳಗಿಟ್ಟು ಬಾಗಿಲ ಚೌಕಟ್ಟಿಗೆ ಒರಗಿ ಬಹಳ ಹೊತ್ತು ನಿಂತಳು. ಬೆಳಗಾವಿಗೆ ಫೋನು ಮಾಡಬೇಕೆನಿಸಿತು. ಏನೆಂದು ಮಾಡುವುದು? ಮಾಡಲಿಲ್ಲ.

ಗುರವ್ವನಿಗೆ ಆ ಹೊತ್ತಿಗೆ ಮಾತು ಅರ್ಧಂಬರ್ಧ ಮರಳಿತ್ತು. ನೆನಪು ಮಾತ್ರ ಎಲ್ಲೋ ಒಂದು ಕಡೆ ಮುರಿದು ಹಿಂದಕ್ಕೆ ಸರಿದಿತ್ತು. ತಾನು ಮಲಗಿ ಒಂದೂವರೆ ವರ್ಷವಾಯಿತೆಂಬುದು ಅವಳಿಗೆ ತಿಳಿಯದು. ಪ್ರತಿ ಬೆಳಗ್ಗೆ ಕಿಟಕಿಯಿಂದ ಬಿಸಿಲು ಮಂಚದ ಕಾಲಿಗೆ ಬಂದೊಡನೆ ಅವಳು ಚಡಪಡಿಸತೊಡಗುತ್ತಿದ್ದಳು. ಮರುದಿನವೂ ಹಾಗೆಯೇ ಆಯಿತು. ದಾಕ್ಷಾಯಣಿ ಗಂಜಿಯ ಬಟ್ಟಲು ಹಿಡಿದು ಬಂದು ಕುಳಿತಾಗ ಗುರವ್ವ ಎಡಗೈಯಿಂದ ಅವಳ ಮೊಣಕೈಯನ್ನು ದೂಡಿದಳು.

“ಇನ್ನs ಇಲ್ಲೇ... ಅದಿಯಲ್ಲ? ಹೊತ್ತಾತು. ಕೆಲಸಕ್ಕ... ಹೋಗು.”

“ಇವತ್ತ ಸೂಟಿ ಐತ್ರಿ ಅತ್ತಿ.”

“ನಿನ್ನೇನೂ ಸೂಟಿ ಅಂದಿ.” ಗುರವ್ವ ಸೊಸೆಯ ಮುಖವನ್ನು ಗುಮಾನಿಯಿಂದ ನೋಡಿದಳು. “ಎಂಥಾ... ಮಂದಿ ಅವರು? ದಿನಾ ಸೂಟಿ ಕೊಟ್ರ ಕೆಲಸ ಹ್ಯಾಂಗ... ಆಗಬೇಕು?” ಮುಖ ಆಚೆ ತಿರುಗಿಸಿ ತುಟಿ ಬಿಗಿದಳು.

ದಾಕ್ಷಾಯಣಿ ಚಮಚ ಹಿಡಿದು ಕಾದಳು. ಗಂಜಿಯ ಮೇಲೆ ಕೆನೆ ಕಟ್ಟತೊಡಗಿತು. ಅತ್ತೆಯ ಬಾಯಿ ತೆರೆಸುವ ಮಾತು ಒಂದೇ ಒಂದಿತ್ತು. ಅದನ್ನೇ ಹೇಳಿದಳು.

“ನಾಳೆ ಹೋಗತೀನ್ರಿ.”

“ಖರೇನ?”

“ಖರೇನರಿ.”

ಗುರವ್ವ ಈಚೆ ತಿರುಗಿ, ಸಮಾಧಾನದಿಂದ ಬಾಯಿ ತೆರೆದಳು.